ವಿಡಿಯೋ ನಿಲ್ಲಿಸಿದ ಮೇಲೆ ಶುರುವಾಗುವ ಇಂಗ್ಲಿಷ್

ಲಕ್ಷ್ಮೇಶ್ವರ ತಾಲೂಕಿನ ಯಳವತ್ತಿಯಂಥ ಊರಿನಲ್ಲಿ ಇಂಗ್ಲಿಷ್ ಕಣ್ಣಿಗೆ ಬೀಳುತ್ತದೆ, ಕಿವಿಗೆ ಬೀಳುವುದಿಲ್ಲ. ಬೀಜದ ಪಾಕೀಟು, ಗುಳಿಗೆ ಚೀಟಿ, ರೀಚಾರ್ಜ್ ಮೆಸೇಜು ಎಲ್ಲದರ ಮೇಲೂ ಅದಿದೆ. ಬಸ್‌ಸ್ಟ್ಯಾಂಡಿನಲ್ಲಾಗಲಿ ಹೊಲದಲ್ಲಾಗಲಿ ಅದನ್ನು ಆಡುವವರಿಲ್ಲ. ನಮ್ಮ ಸಣ್ಣ ಮಕ್ಕಳಿಗೆ ಅದು ಪರದೇಶದ ಭಾಷೆಯೇ. ಆ ಕೊರತೆಯನ್ನು ಮೊಬೈಲಿನ ವಿಡಿಯೋ ಕೋರ್ಸು ತುಂಬೀತೇ ಎಂದು ತಾಯಂದಿರು ಕೇಳುತ್ತಲೇ ಇರುತ್ತಾರೆ. ಈ ಭಾಗದಲ್ಲಿ ನಲಿ-ಕಲಿ ತರಗತಿಯ ಮಕ್ಕಳ ಜೊತೆ ಕೂತು ನಾನು ಕಂಡುಕೊಂಡದ್ದನ್ನು ಬರೆಯುತ್ತಿದ್ದೇನೆ.

1. ಹಾಡು ಬಂತೆಂದರೆ ಭಾಷೆ ಬಂತೆಂದಲ್ಲ.

“ಅಕ್ಕೋರ, ನಮ್ಮ ಹುಡುಗಿ ಇಂಗ್ಲಿಷ್ ಪಟಪಟ ಅಂತಾಳ್ರಿ” ಎಂದಾಗ ನಾನು ಆ ಮಗುವಿನ ಮುಂದೆ ಒಂದು ಹಿಡಿ ಶೇಂಗಾ ಇಡುತ್ತೇನೆ. ಒನ್‌ನಿಂದ ಟೆನ್‌ವರೆಗೆ ರಾಗವಾಗಿ ಹೇಳಿದ ಮಗು, ‘ಗಿವ್ ಮಿ ಫೋರ್’ ಎಂದರೆ ಸಾಮಾನ್ಯವಾಗಿ ನನ್ನ ಮುಖ ನೋಡುತ್ತ ನಿಲ್ಲುತ್ತದೆ. ಹಾಡಿನಿಂದ ನಾಲಿಗೆ ಹೊರಳುತ್ತದೆ, ಅಂಜಿಕೆ ಕಡಿಮೆಯಾಗುತ್ತದೆ, ಅದು ಲಾಭವೇ. ಆದರೆ ಕಲಿತದ್ದನ್ನು ಅಳೆಯಬೇಕಾದರೆ ಮೊಬೈಲು ಒಳಗಿಟ್ಟು, ಮನೆಯ ಸಾಮಾನು ಕೈಗೆ ಕೊಟ್ಟು ಕೇಳಬೇಕು.

2. ಮಗು ಕಲಿಯುವುದು ಉತ್ತರ ಕೊಡುವ ಮನುಷ್ಯರಿಂದ.

ಇದಕ್ಕೆ ಸಾಕ್ಷಿ ನಮ್ಮ ಸೀಮೆಯಲ್ಲೇ ಇದೆ. ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಿಂದ ಒಂದನೆಯ ತರಗತಿಗೆ ಬರುವ ಎಷ್ಟೋ ಮಕ್ಕಳ ಮನೆಮಾತು ಲಂಬಾಣಿ. ಜೂನ್‌ನಲ್ಲಿ ಮೂಲೆ ಹಿಡಿದು ಕೂತ ಹುಡುಗ ಸಂಕ್ರಾಂತಿ ಹೊತ್ತಿಗೆ ಕನ್ನಡದಲ್ಲಿ ಜಗಳ ಆಡುತ್ತಿರುತ್ತಾನೆ. ಅವನಿಗೆ ಯಾವ ಕೋರ್ಸನ್ನೂ ಯಾರೂ ಕೊಡಿಸಿರುವುದಿಲ್ಲ. ಗೋಲಿ ಬೇಕು, ಸರದಿ ಬೇಕು, ಕೇಳದಿದ್ದರೆ ಸಿಗುವುದಿಲ್ಲ. ಗೋವಾಕ್ಕೆ ದುಡಿಯಲು ಹೋದ ಕುಟುಂಬಗಳ ಮಕ್ಕಳು ಹಿಂದಿ, ಕೊಂಕಣಿ ಹಿಡಿದುಕೊಂಡು ಬರುವುದೂ ಹೀಗೆಯೇ.

ವಿಜ್ಞಾನಿಗಳೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಪ್ಯಾಟ್ರಿಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ 12 ಸಲ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಆ ಭಾಷೆಯವರು ಎದುರಿಗೆ ಕೂತು, ಪುಸ್ತಕ-ಆಟಿಕೆ ಹಿಡಿದು ಮಾತಾಡಿದಾಗ ಕೂಸುಗಳು ಅದರ ಧ್ವನಿಗಳನ್ನು ಬೇರ್ಪಡಿಸಿ ಗುರುತಿಸಿದವು. ಅದೇ ಮಾತುಗಳನ್ನು ಡಿವಿಡಿಯಲ್ಲಿ ನೋಡಿದ ಕೂಸುಗಳಲ್ಲಿ ಅಂಥ ಕಲಿಕೆ ಕಾಣಲಿಲ್ಲ.

3. ವಯಸ್ಸು ಕೇಳಿಕೊಂಡೇ ಉತ್ತರ ಹೇಳಬೇಕು.

ಎರಡು ವರ್ಷದೊಳಗಿನ ಕೂಸಿಗೆ ವಿಡಿಯೋ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಎರಡರಿಂದ ನಾಲ್ಕು ವರ್ಷದವರಿಗೂ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆ ಇರಬಾರದು. 2010ರಲ್ಲಿ ಬಂದ ಇನ್ನೊಂದು ಅಮೆರಿಕನ್ ಅಧ್ಯಯನವನ್ನು ನಾನು ತಾಯಂದಿರಿಗೆ ಮತ್ತೆ ಮತ್ತೆ ಹೇಳುತ್ತೇನೆ. ಒಂದರಿಂದ ಒಂದೂವರೆ ವರ್ಷದ ಕೂಸುಗಳಿಗೆ ನಾಲ್ಕು ವಾರ ಪದ ಕಲಿಸುವ ವಿಡಿಯೋ ತೋರಿಸಿದರು. ಏನೂ ನೋಡದ ಕೂಸುಗಳಿಗಿಂತ ಅವು ಹೆಚ್ಚು ಕಲಿಯಲಿಲ್ಲ. ವಿಡಿಯೋ ಇಲ್ಲದೆ ತಂದೆತಾಯಿ ತಾವೇ ಆ ಪದಗಳನ್ನು ಹೇಳಿಕೊಟ್ಟ ಕೂಸುಗಳೇ ಮುಂದಿದ್ದವು. ಇನ್ನೊಂದು ಸಂಗತಿಯೂ ಅದರಲ್ಲಿತ್ತು: ವಿಡಿಯೋ ಯಾರಿಗೆ ಹೆಚ್ಚು ಇಷ್ಟವಾಗಿತ್ತೋ ಅವರೇ ‘ನಮ್ಮ ಕೂಸು ಬಹಳ ಕಲಿತಿದೆ’ ಎಂದು ನಂಬಿದ್ದರು.

ನಾಲ್ಕೈದು ವರ್ಷ ದಾಟಿದವರ ಮಾತು ಬೇರೆ. ಅವರಿಗೆ ಚಿತ್ರ, ಕಥೆ, ಮಾತು ಕೂಡಿಸಿಕೊಳ್ಳುವ ಶಕ್ತಿ ಬಂದಿರುತ್ತದೆ. ವಿಡಿಯೋದಿಂದ ಪದ ಆಯ್ದುಕೊಳ್ಳುತ್ತಾರೆ.

4. ಎರಡು ನಿಮಿಷ ತೋರಿಸಿ, ನಿಲ್ಲಿಸಿ, ಮಾಡಿಸಿ.

ನನಗೆ ಹೆಚ್ಚು ಫಲ ಕೊಟ್ಟದ್ದು ಇದೇ. ವಾರಕ್ಕೆ ಒಂದೇ ಸಣ್ಣ ವಿಡಿಯೋ, ಪ್ರತಿದಿನ ಅದೇ. ಮಕ್ಕಳಿಗೆ ಬೇಸರ ಬರುವುದಿಲ್ಲ, ಬೇಸರ ದೊಡ್ಡವರಿಗೆ. ಪ್ರಶ್ನೆ ಬಂದ ಕೂಡಲೇ ನಿಲ್ಲಿಸುತ್ತೇನೆ, ಉತ್ತರ ತರಗತಿಯಿಂದ ಬರಬೇಕು. ನಮ್ಮ ರಾಜ್ಯದ ‘ಚಿಣ್ಣರ ಚುಕ್ಕಿ’ ಬಾನುಲಿ ಪಾಠಗಳಲ್ಲಿ ಮಕ್ಕಳು ಉತ್ತರಿಸಲೆಂದೇ ನಡುವೆ ಬಿಡುವು ಇರುತ್ತಿತ್ತು. ಬಣ್ಣಬಣ್ಣದ ಎಷ್ಟೋ ವಿಡಿಯೋಗಳಲ್ಲಿ ಆ ಬಿಡುವೇ ಇಲ್ಲ.

ಆಮೇಲೆ ವಿಡಿಯೋದ ಸ್ಟ್ರಾಬೆರಿಯನ್ನು ಬಿಟ್ಟು ನಮ್ಮ ಸಾಮಾನು ತರುತ್ತೇನೆ. ಕೆಂಪಿಗೆ ಒಣಮೆಣಸಿನಕಾಯಿ, ಬಿಳಿಗೆ ಹತ್ತಿ, ದೊಡ್ಡದು-ಸಣ್ಣದಕ್ಕೆ ಉಳ್ಳಾಗಡ್ಡಿ. ‘ಬ್ರಿಂಗ್ ದ ಬಿಗ್ ಆನಿಯನ್’ ಎಂದರೆ ಐದು ಮಕ್ಕಳು ಒಮ್ಮೆಲೇ ಓಡುತ್ತಾರೆ, ಒಬ್ಬಳು ಸಣ್ಣದನ್ನು ತಂದರೆ ಉಳಿದವರು ‘ನೋ, ನೋ’ ಎನ್ನುತ್ತಾರೆ. ಆ ಗದ್ದಲದಲ್ಲಿ ಪದ ಒಳಗೆ ಇಳಿಯುತ್ತದೆ.

5. ತಾಯಿಗೆ ಇಂಗ್ಲಿಷ್ ಬರದಿದ್ದರೂ ನಡೆಯುತ್ತದೆ.

“ನನಗ ಬರೂದಿಲ್ರೀ ಅಕ್ಕೋರ, ನಾ ಏನ್ ಕಲಸ್ಲಿ?” ಎನ್ನುವವರಿಗೆ ನಾನು ಹೇಳುವುದು: ಕಲಿಸಬೇಡವ್ವಾ, ಕೇಳು. ರೊಟ್ಟಿ ಬಡಿಯುತ್ತ, “ಇವತ್ತ ಅದರಾಗ ಏನಂದ್ರು? ನನಗೂ ಹೇಳಿಕೊಡು” ಅನ್ನು. ಮಗು ತಾನು ಗುರುವಾದ ಹೆಮ್ಮೆಯಲ್ಲಿ ನೆನಪಿಸಿಕೊಂಡು ಹೇಳುತ್ತದೆ. ಉಳಿದ ಮಾತು ಮನೆಮಾತಿನಲ್ಲೇ ಇರಲಿ. ಕಥೆ, ಒಗಟು, ಹೊಲದ ಸುದ್ದಿ ನಿಲ್ಲಿಸಿ ಆ ಹೊತ್ತನ್ನು ಪರದೆಗೆ ಕೊಟ್ಟರೆ ನಷ್ಟವಾಗುವುದು ಎರಡೂ ಭಾಷೆಗೆ.

6. ದುಡ್ಡು ಕೊಡುವ ಮುಂಚೆ ಒಂದು ಪ್ರಶ್ನೆ.

‘ನನ್ನ ಮಗು ಮಾತಾಡಿದರೆ ಆ ಕಡೆಯಿಂದ ಯಾರಾದರೂ ಉತ್ತರ ಕೊಡುತ್ತಾರೋ?’ ಇಲ್ಲವಾದರೆ ವರ್ಷದ ಚಂದಾ ಕಟ್ಟಬೇಡಿ. ಪುಕ್ಕಟೆ ಸಿಗುವ ಹಾಡು-ಕಥೆಗಳೇ ಸಾಕು. ಹೌದಾದರೆ ಯೋಚಿಸಬಹುದು. 2014ರ ಒಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು ವಿಡಿಯೋ ಕರೆಯಲ್ಲಿ ತಮ್ಮೊಡನೆ ನೇರವಾಗಿ ಮಾತಾಡಿದವರಿಂದ ಹೊಸ ಪದ ಕಲಿತರು, ಮೊದಲೇ ಚಿತ್ರೀಕರಿಸಿಟ್ಟ ವಿಡಿಯೋದಿಂದ ಕಲಿಯಲಿಲ್ಲ. ಬೆಂಗಳೂರಿನಲ್ಲಿರುವ ಸೋದರಮಾವ ವಾರಕ್ಕೆರಡು ಸಲ ಕರೆ ಮಾಡಿ ಇಂಗ್ಲಿಷಿನಲ್ಲಿ ‘ಏನು ಉಂಡೆ, ಯಾವ ಅಂಗಿ ಹಾಕಿದಿ’ ಎಂದು ಕೇಳಿದರೆ ಅದು ಎಷ್ಟೋ ಕೋರ್ಸುಗಳಿಗಿಂತ ಮೇಲು.

7. ವಿಡಿಯೋದ ದೊಡ್ಡ ಲಾಭ ಶಿಕ್ಷಕರಿಗೆ.

ನಮ್ಮ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಕಲಿಸುವ ನಾವು ಬಹಳಷ್ಟು ಜನ ಐದನೆಯ ತರಗತಿಯಲ್ಲಿ ಎಬಿಸಿಡಿ ತಿದ್ದಿದವರು, ಅದನ್ನು ಕೇಳಿದ್ದಕ್ಕಿಂತ ಓದಿದ್ದೇ ಹೆಚ್ಚು. ರಾತ್ರಿ ವಿಡಿಯೋ ಕೇಳಿ ಒಂದು ಉಚ್ಚಾರ, ಒಂದು ಪ್ರಶ್ನೆ ಕೇಳುವ ಧಾಟಿ ಹಿಡಿದುಕೊಂಡು ಮರುದಿನ ತರಗತಿಯಲ್ಲಿ ಆಡಿದರೆ ಅದು ಮಕ್ಕಳಿಗೆ ಎದುರಿನ ಮನುಷ್ಯನ ಮಾತಾಗಿ ಮುಟ್ಟುತ್ತದೆ.

8. ಒಂದು ಮೊಬೈಲಿಗೆ ಮೂರು ಮಕ್ಕಳು ಮುಗಿಬಿದ್ದರೆ ಬಿಡಿ.

ಒಬ್ಬ ಮುಂದಿನ ಮಾತು ಹೇಳುತ್ತಾನೆ, ಇನ್ನೊಬ್ಬಳು ತಿದ್ದುತ್ತಾಳೆ, ಮೂರನೆಯವನು ನಕ್ಕು ತಾನೂ ಹೇಳುತ್ತಾನೆ. ಕೂಲ್ ಅವರ ತಂಡವೇ 2018ರಲ್ಲಿ ತೋರಿಸಿದಂತೆ, ಮ್ಯಾಂಡರಿನ್ ವಿಡಿಯೋವನ್ನು ಜೋಡಿಯಾಗಿ ನೋಡಿದ ಕೂಸುಗಳು ಒಂಟಿಯಾಗಿ ನೋಡಿದವುಗಳಿಗಿಂತ ಚೆನ್ನಾಗಿ ಧ್ವನಿಗಳನ್ನು ಗುರುತಿಸಿದವು. ಜಗಳ ಬಿಡಿಸಲೆಂದು ಆ ಮೂವರಿಗೂ ಬೇರೆ ಬೇರೆ ಮೊಬೈಲು ಕೊಡಿಸಬೇಡಿ.