ಶಿಕ್ಷೆ ಮುಗಿಸಿ ಬಂದವನಿಗೆ ದುಡಿಮೆಯ ಬಾಗಿಲು

ಕಲಬುರಗಿಯ ಕೇಂದ್ರ ಕಾರಾಗೃಹದಿಂದ ಬಿಡುಗಡೆಯಾದ ಯುವಕನೊಬ್ಬ ಯಾದಗಿರಿಗೋ ಶಹಾಪುರಕ್ಕೋ ಸುರಪುರಕ್ಕೋ ಮರಳಿದನೆಂದು ಭಾವಿಸಿರಿ. ಶುಕ್ರವಾರ ಅವನು ಜುಮಾ ನಮಾಝಿಗೆ ಬರುತ್ತಾನೆ. ಸಫ್‌ನಲ್ಲಿ ಅವನ ಭುಜಕ್ಕೆ ಭುಜ ತಾಗಿಸಿ ನಿಲ್ಲಲು ಯಾರೂ ಹಿಂಜರಿಯುವುದಿಲ್ಲ. ಮರುದಿನ ಅದೇ ಸಫ್‌ನಲ್ಲಿದ್ದವರ ಅಕ್ಕಿ ಗಿರಣಿಗೆ, ಗ್ಯಾರೇಜಿಗೆ, ಬಟ್ಟೆ ಅಂಗಡಿಗೆ ಕೆಲಸ ಕೇಳಿ ಹೋದರೆ, "ಈಗ ಜನ ಬೇಕಾಗಿಲ್ಲ" ಎಂಬ ಉತ್ತರ ಸಿಗುತ್ತದೆ. ನಮಾಝಿನಲ್ಲಿ ಕೊಟ್ಟ ಜಾಗವನ್ನು ಬದುಕಿನಲ್ಲಿ ಕೊಡಲು ನಾವೇಕೆ ಅಂಜುತ್ತೇವೆ?

ಮಖ್‌ಝೂಮ್ ಗೋತ್ರದ ಮಹಿಳೆ

ಮಕ್ಕಾ ವಿಜಯದ ಸಂದರ್ಭದಲ್ಲಿ ಪ್ರತಿಷ್ಠಿತ ಮಖ್‌ಝೂಮ್ ಗೋತ್ರದ ಮಹಿಳೆಯೊಬ್ಬಳು ಕಳ್ಳತನ ಮಾಡಿದಳು. ಆಕೆಯನ್ನು ಶಿಕ್ಷೆಯಿಂದ ಪಾರು ಮಾಡಲು ಅವಳ ಕಡೆಯವರು ಉಸಾಮಾ(ರ)ರಿಂದ ಶಿಫಾರಸು ಮಾಡಿಸಿದರು. ಪ್ರವಾದಿ(ಸ)ರು ಕೋಪಗೊಂಡರು. ಸ್ವಂತ ಮಗಳಾದರೂ ನ್ಯಾಯ ಒಂದೇ ಎಂದು ಸ್ಪಷ್ಟಪಡಿಸಿದರು. ಶಿಕ್ಷೆ ಜಾರಿಯಾಯಿತು.

ಇಷ್ಟನ್ನು ನಾವು ಪ್ರವಚನಗಳಲ್ಲಿ ಆಗಾಗ ಕೇಳುತ್ತೇವೆ. ಆದರೆ ಘಟನೆ ಅಲ್ಲಿಗೆ ಮುಗಿಯುವುದಿಲ್ಲ. ಆಕೆ ಉತ್ತಮ ರೀತಿಯಲ್ಲಿ ಪಶ್ಚಾತ್ತಾಪಪಟ್ಟಳು, ವಿವಾಹವಾದಳು. ಆನಂತರ ಹಝ್ರತ್ ಆಯಿಶಾ(ರ)ರ ಬಳಿಗೆ ಬರುತ್ತಿದ್ದಳು, ಆಕೆಯ ಅಗತ್ಯಗಳನ್ನು ಅವರು ಪ್ರವಾದಿವರ್ಯರ(ಸ) ಮುಂದಿಡುತ್ತಿದ್ದರು ಎಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಶಿಕ್ಷೆಯಲ್ಲಿ ರಿಯಾಯಿತಿ ಕೊಡದ ಪ್ರವಾದಿಯವರ ಮನೆಯ ಬಾಗಿಲು, ಶಿಕ್ಷೆಯ ನಂತರ ಆಕೆಗೆ ತೆರೆದಿತ್ತು! ನಾವಾದರೋ ಇದನ್ನು ತಿರುವುಮುರುವು ಮಾಡಿದ್ದೇವೆ. ಬಂಧನವಾದಾಗ ಬಿಡಿಸಲು ಶಿಫಾರಸು ಹಿಡಿದು ಓಡುತ್ತೇವೆ, ಶಿಕ್ಷೆ ಮುಗಿಸಿ ಬಂದಾಗ ಬಾಗಿಲು ಮುಚ್ಚುತ್ತೇವೆ.

ಮದ್ಯಪಾನಕ್ಕಾಗಿ ಶಿಕ್ಷೆಗೊಳಗಾದ ವ್ಯಕ್ತಿಯನ್ನು ಕೆಲವರು ಶಪಿಸಿದಾಗ ಪ್ರವಾದಿ(ಸ)ರು ತಡೆದರು. ಹಾಗೆ ಮಾಡುವುದು ಅವನ ವಿರುದ್ಧ ಶೈತಾನನಿಗೆ ನೆರವಾದಂತೆ ಎಂದು ಎಚ್ಚರಿಸಿದರು. ಕೆಲಸ ಸಿಗದ ಯುವಕನನ್ನು ಮೊದಲು ಮಾತಾಡಿಸುವವರು ಅವನ ಹಳೆಯ ಗೆಳೆಯರೇ. ನಾವು ಮುಚ್ಚಿದ ಬಾಗಿಲಿನಿಂದ ಅವನು ಅವರ ಕಡೆಗೇ ಹೋಗುತ್ತಾನೆ.

ಮರಳಿ ಬಂದವನ ಹೊಣೆ

ತೌಬಾ ಎಂದರೆ ಬರೀ ಕಣ್ಣೀರಲ್ಲ. ಪಾಪವನ್ನು ಬಿಡಬೇಕು, ಅದಕ್ಕಾಗಿ ಮರುಗಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು. ಇನ್ನೊಬ್ಬರ ಹಕ್ಕನ್ನು ಕಸಿದಿದ್ದರೆ ಮರಳಿಸಬೇಕು, ನೋಯಿಸಿದ್ದರೆ ಕ್ಷಮೆ ಕೇಳಬೇಕು. ಇಂಥವನ ಕೆಡುಕುಗಳನ್ನು ಅಲ್ಲಾಹನು ಒಳಿತುಗಳಾಗಿ ಬದಲಿಸುವನೆಂಬ ಶುಭವಾರ್ತೆ ಅಲ್‌ಫುರ್ಕಾನ್ ಅಧ್ಯಾಯದ 70ನೇ ಸೂಕ್ತದಲ್ಲಿದೆ.

ಎರಡನೆಯದು ಸತ್ಯಸಂಧತೆ. ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ಮುಚ್ಚಿಡಬಾರದು. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2016ರಲ್ಲಿ ಈ ವಿಷಯವನ್ನು ವಿವರವಾಗಿ ಪರಿಶೀಲಿಸಿತು. ಸಣ್ಣ ಅಪರಾಧವಾಗಿದ್ದರೆ ಮುಚ್ಚಿಟ್ಟದ್ದನ್ನೂ ನೇಮಕಾಧಿಕಾರಿ ಮನ್ನಿಸಬಹುದು. ಗಂಭೀರ ವಿಷಯವನ್ನು ಮುಚ್ಚಿಟ್ಟರೆ ಕೆಲಸವನ್ನೇ ಕಳೆದುಕೊಳ್ಳಬಹುದು. ನಿಜ ಹೇಳಿದರೆ ಕೆಲಸ ಸಿಕ್ಕೇ ಸಿಗುತ್ತದೆಂಬ ಖಾತರಿಯೇನೂ ಇಲ್ಲ. ಆದರೆ ಸುಳ್ಳಿನ ಮೇಲೆ ನಿಂತ ಸಂಬಳ ಪ್ರತಿ ತಿಂಗಳೂ ಭಯದ ಸಂಬಳವೇ.

ಕಾನೂನು ಕೊಟ್ಟ ರಕ್ಷಣೆಯನ್ನೂ ತಿಳಿದಿರಬೇಕು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 3 ಅಥವಾ 4ನೇ ಕಲಮಿನಡಿ ಜೈಲಿಗೆ ಕಳಿಸದೆ ಬಿಡುಗಡೆಯಾದವನಿಗೆ, ಆ ತೀರ್ಪಿಗೆ ಅಂಟಿಕೊಂಡ ಅನರ್ಹತೆ ತಟ್ಟದೆಂದು 12ನೇ ಕಲಮು ಹೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯೂ ಮಕ್ಕಳಿಗೆ, ಕೆಲವು ಘೋರ ಪ್ರಕರಣಗಳ ಹೊರತು, ಇಂಥ ರಕ್ಷಣೆ ಕೊಡುತ್ತದೆ. ನಿರ್ದೋಷಿಯೆಂದು ಬಿಡುಗಡೆಯಾದವನು ತೀರ್ಪಿನ ದೃಢೀಕೃತ ಪ್ರತಿಯನ್ನು ಜೋಪಾನವಾಗಿಡಬೇಕು. ಪ್ರವಾದಿ ಯೂಸುಫ್(ಅ)ರು ರಾಜನ ಕರೆ ಬಂದರೂ, ತನ್ನ ಮೇಲಿನ ಆರೋಪದ ವಿಚಾರಣೆಯಾಗುವವರೆಗೆ ಸೆರೆಮನೆಯಿಂದ ಹೊರಬರಲು ಒಪ್ಪಲಿಲ್ಲ. ಆಮೇಲೆ ಅವರ ಕೈಗೆ ದೇಶದ ಭಂಡಾರವೇ ಬಂತು.

ಕೊಲ್ಲಿ ರಾಷ್ಟ್ರಕ್ಕೆ ಹೊರಡುವ ಯೋಚನೆಯಿದ್ದರೆ, ಕೇಸು ನಡೆಯುತ್ತಿರುವಾಗ ಪಾಸ್‌ಪೋರ್ಟಿಗೆ ಕೋರ್ಟಿನ ಅನುಮತಿ ಬೇಕಾಗುತ್ತದೆಂಬುದು ನೆನಪಿರಲಿ. ಏಜೆಂಟನ ಮಾತು ನಂಬಿ ಹಣ ಕಳೆದುಕೊಳ್ಳಬೇಡಿರಿ.

ಜಮಾಅತಿನ ಹೊಣೆ

ಬೇಡಲು ಬಂದ ಅನ್ಸಾರಿಯೊಬ್ಬರ ಕಂಬಳಿಯನ್ನೂ ಬಟ್ಟಲನ್ನೂ ಪ್ರವಾದಿ(ಸ)ರು ಎರಡು ದಿರ್ಹಮಿಗೆ ಮಾರಿಸಿದರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ತಮ್ಮ ಕೈಯಿಂದಲೇ ಹಿಡಿ ಹಾಕಿಕೊಟ್ಟು, ಸೌದೆ ಕಡಿದು ಮಾರಲು ಕಳಿಸಿದರು. ಹದಿನೈದು ದಿನಗಳ ಬಳಿಕ ಅವರು ಹತ್ತು ದಿರ್ಹಮ್ ಗಳಿಸಿ ಬಂದರು. ಅಬೂದಾವೂದ್‌ನಲ್ಲಿರುವ ಈ ಪಾಠ ನಮ್ಮ ಮಸೀದಿ ಕಮಿಟಿಗಳಿಗೆ ಸಾಲದೇ? ಬಡವನಾಗಿದ್ದರೆ ಝಕಾತ್‌ನಿಂದ ಹೊಲಿಗೆ ಯಂತ್ರ, ತಳ್ಳುಗಾಡಿ, ಗ್ಯಾರೇಜಿನ ಸಾಮಾನು ಕೊಡಿಸಬಹುದು. ಇಬ್ಬರು ಹಿರಿಯರು ಅವನ ಪರವಾಗಿ ಮಾತು ಕೊಡಬಹುದು.

ಮಾಲಿಕನ ಅಳುಕು ಸುಳ್ಳಲ್ಲ. ಹಣ ದುರುಪಯೋಗ ಮಾಡಿದ್ದವನನ್ನು ಮೊದಲ ದಿನವೇ ಗಲ್ಲಾದಲ್ಲಿ ಕೂರಿಸಿರೆಂದು ಇಸ್ಲಾಮ್ ಹೇಳುವುದಿಲ್ಲ. ಬೇರೆ ಕೆಲಸ ಕೊಡಿರಿ, ನ್ಯಾಯವಾದ ಕೂಲಿ ಕೊಡಿರಿ, ವಿಶ್ವಾಸ ಬೆಳೆಯಲಿ. ಹಳೆಯದನ್ನು ಎತ್ತಿ ಹಂಗಿಸಬೇಡಿರಿ, ನಿಸ್ಸಹಾಯಕನೆಂದು ಅರ್ಧ ಕೂಲಿಗೆ ದುಡಿಸಬೇಡಿರಿ.

ಕಲಬುರಗಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು 2002ರಲ್ಲಿ ಜೈಲು ಸೇರಿದರು. ಅಲ್ಲಿನ ಆಸ್ಪತ್ರೆಯಲ್ಲೇ ಸೇವೆ ಮಾಡಿದರು. ಸನ್ನಡತೆಯ ಆಧಾರದಲ್ಲಿ 2016ರಲ್ಲಿ ಬಿಡುಗಡೆಯಾಗಿ, 2019ರಲ್ಲಿ ಎಂಬಿಬಿಎಸ್ ಮುಗಿಸಿದರು. ಮತ್ತೆ ತರಗತಿಯಲ್ಲಿ ಕೂರಲು ಅವರಿಗೊಂದು ಬೆಂಚು ಸಿಕ್ಕಿತು. ನಮ್ಮ ಓಣಿಯ ಹುಡುಗನಿಗೂ ಬೇಕಾದದ್ದು ಅಷ್ಟೇ, ಕೂರಲೊಂದು ಜಾಗ.

ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ನಾವೆಲ್ಲರೂ ನಮ್ಮ ನಮ್ಮ ದಾಖಲೆ ಹಿಡಿದೇ ನಿಲ್ಲಬೇಕು. ಅಂದು ನಮ್ಮ ಕೆಡುಕುಗಳ ಮೇಲೆ ಪರದೆ ಬೀಳಲೆಂದು ಬಯಸುವವರು, ಇಂದು ಸಹೋದರನ ಮೇಲೆ ಪರದೆ ಹಾಕಲಿ. ಅಲ್ಲಾಹನು ನಮಗೆ ಅದರ ಸೌಭಾಗ್ಯವನ್ನು ಕರುಣಿಸಲಿ. ಆಮೀನ್.