ಕಲ್ಲುಗಣಿ ಮತ್ತು ಶಿಲಾಸಮಾಧಿ: ಸ್ಥಳನಾಮದ ಸಾಕ್ಷ್ಯ

ಸುರಪುರದ ಆಡಳಿತಾಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜೇವರ್ಗಿಯ ಕಲ್ಗುಪ್ಪೆ ಸಮಾಧಿಗಳನ್ನು ಅಗೆಸಿದನು. ಮಣ್ಣಿನ ಪದರಗಳನ್ನು ಛೇದಚಿತ್ರದಲ್ಲಿ ದಾಖಲಿಸಿದ ಅವನ ಕ್ರಮವನ್ನು ಮುಂದೆ ಮಾರ್ಟಿಮರ್ ವೀಲರ್ ಮೆಚ್ಚಿದನು. ಪದರದಿಂದ ಬೇರ್ಪಟ್ಟ ಮಡಕೆ ಕೇವಲ ವಸ್ತು, ಪದರದಲ್ಲಿರುವ ಮಡಕೆ ಸಾಕ್ಷ್ಯ ಎಂಬುದೇ ಇದರ ತಾತ್ಪರ್ಯ.

ಜೇವರ್ಗಿಯ ಪೂರ್ವಕ್ಕಿರುವ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಪರಿಸರವು ಸುಣ್ಣಕಲ್ಲಿನ ನೆಲ. ಹಾಸುಗಲ್ಲಿಗಾಗಿಯೂ ಸಿಮೆಂಟಿಗಾಗಿಯೂ ಇಲ್ಲಿ ಗಣಿಗಾರಿಕೆ ನಡೆದಿದೆ. ಕಲ್ಲಿನ ಪದರವನ್ನು ತಲುಪಲು ಮೊದಲು ಮೇಲ್ಮಣ್ಣನ್ನು ತೆಗೆಯುತ್ತಾರೆ. ಸಮಾಧಿಯ ಅಸ್ಥಿ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಉಪಕರಣಗಳು ಇರುವುದು ಸಾಮಾನ್ಯವಾಗಿ ಆ ಮಣ್ಣಿನಲ್ಲಿಯೇ. ಆದುದರಿಂದ ಕಲ್ಲು ಸೀಳುವ ಮೊದಲೇ ಸಾಕ್ಷ್ಯ ಅಳಿದಿರುತ್ತದೆ. ರಕ್ಷಣಾ ಉತ್ಖನನವು ಗಣಿಯ ಹಿಂದೆ ಹೋದರೆ ನಿರರ್ಥಕ. ಪರವಾನಗಿಗೆ ಮುನ್ನವೇ ಕ್ಷೇತ್ರ ಪರಿಶೀಲನೆ ನಡೆಯಬೇಕು.

ಇಲ್ಲಿ ಕನ್ನಡ ಅಧ್ಯಯನಕ್ಕೂ ಪಾತ್ರವಿದೆ. ಗಂಗಾವತಿ ಸಮೀಪದ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಜನರು ‘ಮೋರ್ಯರ ಮನೆ’ ಎಂದು ಕರೆಯುತ್ತಾರೆ. ಸಮಾಧಿಯನ್ನು ‘ಮನೆ’ ಎನ್ನುವ ಈ ಹೆಸರು ಸ್ಥಳಶೋಧನೆಗೆ ಸುಳಿವು, ಜನಸ್ಮೃತಿಗೆ ಆಧಾರ. ಗುಪ್ಪೆಯೊಂದು ಕಣ್ಮರೆಯಾದರೆ ಅದನ್ನು ಕರೆಯುತ್ತಿದ್ದ ಮಾತೂ ಬಳಕೆ ತಪ್ಪುತ್ತದೆ. ಹೊಲ, ದಿಬ್ಬ, ಗುಡ್ಡಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಗ್ರಾಮವಾರು ದಾಖಲಿಸುವುದು ಭಾಷಾ ವಿದ್ಯಾರ್ಥಿಗೆ ಸಾಧ್ಯವಾದ, ತುರ್ತಾಗಿ ಆಗಬೇಕಾದ ಉತ್ಖನನವಾಗಿದೆ.