ಮಂಡಿ ಹಾಕುವ ಮೊದಲು ಆಮೋಸನನ್ನು ಓದು

ಮಗಾ, ರಾಯಕೋಟೆಯಲ್ಲಿ ಟೊಮೆಟೊ ಮಂಡಿ ಹಾಕುತ್ತಿದ್ದೀಯೆಂದು ನಿಮ್ಮಪ್ಪ ಹೇಳಿದ. ಸಂತೋಷ. ಆದರೆ ಹೋದ ಭಾನುವಾರ ಯೆಶಾಯನ ಪುಸ್ತಕದಿಂದ ಬಾಬೆಲಿನ ರಾಜ ಮಣ್ಣುಮುಕ್ಕಿದ ಭಾಗ ತೆಗೆದು, ನಿಮ್ಮಪ್ಪನಿಗೆ ಬಡ್ಡಿಗೆ ಬಡ್ಡಿ ಹಾಕಿದ ಸಾಹುಕಾರನಿಗೂ ಇದೇ ಗತಿ ಎಂದೆಯಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳಬೇಕು.

ನಿನ್ನ ಹೊಟ್ಟೆ ಉರಿದದ್ದು ತಪ್ಪಲ್ಲ. ಪ್ರವಾದಿಗಳೂ ಹಾಗೆ ಉರಿದವರೇ. ನಹೂಮ ಅಶ್ಶೂರರ ನಿನೆವೆಯ ನಾಶ ಸಾರಿದ, ಕ್ರಿ.ಪೂ. 612ರಲ್ಲಿ ಅದು ಬಿತ್ತು. ಬಾಬೆಲ್ 539ರಲ್ಲಿ ಪಾರಸಿಯ ಕೋರೆಷನ ಕೈಸೇರಿತು. ಬಂಡೆಯ ಸಂದಿನಲ್ಲಿ ಮನೆ ಮಾಡಿಕೊಂಡು, ನನ್ನನ್ನು ಇಳಿಸುವ ಗಂಡು ಯಾರು ಎಂದು ಬೀಗಿದ ಎದೋಮ್ ನಾಡಿಗೂ ಓಬದ್ಯ ನಾಶವನ್ನೇ ಸಾರಿದ. ಅದನ್ನು ಓದುವಾಗಲೆಲ್ಲ ನನ್ನ ಕಣ್ಣಿಗೆ ಕೃಷ್ಣಗಿರಿಯ ಬೆಟ್ಟದ ಕೋಟೆ ಬರುತ್ತದೆ. ಅದು ಟಿಪ್ಪುವಿನ ಕೈಯಲ್ಲಿದ್ದಾಗ, 1791ರ ನವೆಂಬರಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಪೇಟೆ ಹಿಡಿದರೂ ಮೇಲಿನ ಕೋಟೆಯನ್ನು ಹಿಡಿಯಲಾರದೆ ಹಿಂದೆ ಸರಿಯಿತು. ಮುಂದಿನ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ, ಆ ಕೋಟೆಯಿದ್ದ ಬಾರಾಮಹಲು ಸೀಮೆ ಕಾಗದದ ಮೇಲೆ ಟಿಪ್ಪುವಿನಿಂದ ಕಂಪನಿಗೆ ಕೈಬದಲಾಯಿತು. ಹಾಗೆಂದು ಟಿಪ್ಪುವಿಗೋ ಕಂಪನಿಗೋ ಎದೋಮ್ ಎಂದು ಹೆಸರಿಡಲು ಹೋಗಬೇಡ. ಆ ಕೆಲಸ ಎಲ್ಲ ಕಾಲದಲ್ಲೂ ನಡೆದಿದೆ, ಹೆಸರಿಟ್ಟವರೆಲ್ಲ ತಮಗಾಗದವರಿಗೇ ಆ ಹೆಸರನ್ನು ಇಟ್ಟಿದ್ದಾರೆ.

ನೀನು ಓದಬೇಕಾದದ್ದು ಪ್ರವಾದಿ ಆಮೋಸನನ್ನು. ತೆಕೋವದ ಕುರಿಗಾಹಿ, ಅತ್ತಿಹಣ್ಣಿನ ಕೆಲಸವೂ ಬಲ್ಲವನು. ಯೆಹೂದ ನಾಡಿನವನು ಗಡಿ ದಾಟಿ ಇಸ್ರಾಯೇಲಿನ ಬೇತೇಲಿಗೆ ಹೋಗಿ ಬಾಯಿಬಿಟ್ಟ. ಅಲ್ಲಿನ ಯಾಜಕ ಅಮಚ್ಯ, ನಿಮ್ಮೂರಿಗೆ ಹೋಗಿ ಹೊಟ್ಟೆ ಹೊರೆದುಕೋ ಎಂದು ಗದರಿಸಿದ. (ಗಡಿಯಲ್ಲಿ ಬಾಳುವ ನಮಗೆ ಈ ಮಾತು ಹೊಸದಲ್ಲ.) ಆಮೋಸನ ಮಾತಿನ ವರಸೆ ನೋಡು. ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್ ಎಂದು ಸುತ್ತಲಿನವರ ಪಾಪವನ್ನು ಒಂದೊಂದಾಗಿ ಎತ್ತಿ ಆಡುತ್ತಾನೆ. ಕೇಳುವವರು ತಲೆದೂಗಿರಬೇಕು. ಆಮೇಲೆ ತನ್ನ ಯೆಹೂದ. ಕೊನೆಗೆ ಬೆರಳು ತಿರುಗಿದ್ದು ಎದುರು ಕೂತ ಇಸ್ರಾಯೇಲಿನ ಕಡೆಗೇ. ಒಂದು ಜೊತೆ ಚಪ್ಪಲಿಗಾಗಿ ಬಡವನನ್ನು ಮಾರಿದಿರಿ, ಕೊಳಗ ಕಿರಿದು ಮಾಡಿ ತೂಕದ ಕಲ್ಲು ಹಿರಿದು ಮಾಡಿದಿರಿ, ಗೋಧಿಯ ಜೊತೆ ಹೊಟ್ಟನ್ನೂ ಮಾರಿದಿರಿ ಎನ್ನುತ್ತಾನೆ. ಹಬ್ಬ ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆಗೆದೇವು ಎಂದು ಚಡಪಡಿಸುವ ವ್ಯಾಪಾರಿಗಳನ್ನು ಅವನು ಪಕ್ಕದಲ್ಲೇ ನಿಂತು ಕಂಡಿದ್ದಾನೆ. ಸುತ್ತಲಿನ ರಾಜ್ಯಗಳಿಗೆ ಬರುವ ತೀರ್ಪು ತಕ್ಕಡಿ ಹಿಡಿದವನಿಗೂ ಬರುತ್ತದೆ ಎಂಬುದೇ ಅವನ ಲೆಕ್ಕ. ಕ್ರಿ.ಪೂ. 722ರ ಹೊತ್ತಿಗೆ ಇಸ್ರಾಯೇಲಿನ ಸಮಾರ್ಯ ಅಶ್ಶೂರರ ಪಾಲಾಯಿತು.

ನಾಳೆ ಕೆಲಮಂಗಲದ ಕಡೆಯಿಂದ ಒಬ್ಬ ರೈತ ನಿದ್ದೆಗೆಟ್ಟು ಟೆಂಪೋದಲ್ಲಿ ಕ್ರೇಟು ತರುತ್ತಾನೆ. ಹಣ್ಣು ಇನ್ನೆರಡು ದಿನ ತಡೆಯುವುದಿಲ್ಲ, ವಾಪಸ್ ಒಯ್ದರೆ ಟೆಂಪೋ ಬಾಡಿಗೆಯೂ ಮೈಮೇಲೆ. ಅದು ಅವನಿಗೂ ಗೊತ್ತು, ನಿನಗೂ ಗೊತ್ತು. ಕ್ರೇಟಿಗೆ ಎರಡು ಕಿಲೋ ಮುರಿದುಕೋ, ಎಲ್ಲರೂ ಮುರಿಯುತ್ತಾರೆ ಎಂದು ಯಾರೋ ಹೇಳಿಕೊಡುತ್ತಾರೆ. ಅವನು ತಲೆ ತಗ್ಗಿಸಿ ಹೂಂ ಅನ್ನುತ್ತಾನೆ. ಆ ಗಳಿಗೆಯಲ್ಲಿ ಬಾಬೆಲಿನ ರಾಜ ನೀನೇ.

ಸಾಹುಕಾರನ ಮಾತಿಗೆ ಬಂದರೆ, ಅವನಿಗೆ ದೇವರ ಶಿಕ್ಷೆ ಯಾವಾಗ ಎಂದು ಕಾಯುತ್ತ ಕೂರಬೇಡ. ಎಲ್ಲಿಯ ತನಕ ಎಂದು ಪ್ರವಾದಿ ಹಬಕ್ಕೂಕನೇ ದೇವರನ್ನು ಕೇಳಿದ, ಅವನಿಗೆ ಸಿಕ್ಕ ಉತ್ತರ ಕಾದಿರು ಎಂಬುದೇ. ಆದರೆ ಆಮೋಸ ಊರಬಾಗಿಲಿನಲ್ಲಿ, ಅಂದರೆ ಪಂಚಾಯ್ತಿ ನಡೆಯುವ ಜಾಗದಲ್ಲಿ, ನ್ಯಾಯ ನಿಲ್ಲಿಸಿ ಎಂದು ಮನುಷ್ಯರಿಗೇ ಹೇಳಿದ. ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ ಮದ್ರಾಸ್ ಸರ್ಕಾರ ನಡೆಸುವಾಗ, 1938ರಲ್ಲಿ, ರೈತರ ಸಾಲದ ಹೊರೆ ಇಳಿಸುವ ಕಾನೂನೇ ಬಂತು. ನೀನೂ ನಿಮ್ಮಪ್ಪನ ಪತ್ರ, ರಸೀತಿ ಎಲ್ಲ ಜೋಡಿಸಿಕೊಂಡು ವಕೀಲರನ್ನು ನೋಡು.

ಮಂಡಿಯ ಮಾತು ಇಷ್ಟೇ. ತೂಕದ ಯಂತ್ರಕ್ಕೆ ಸರ್ಕಾರದ ಮುದ್ರೆ ಹಾಕಿಸು. ಅಂಕಿ ಕಾಣುವ ಮುಖ ರೈತನ ಕಡೆಗಿರಲಿ. ಚೀಟಿ ಓದಲು ಬಾರದವನಿಗೆ ಕನ್ನಡವೋ ತೆಲುಗೋ ತಮಿಳೋ, ಅವನ ಮಾತಿನಲ್ಲೇ ಓದಿ ಹೇಳು. ದುಡ್ಡನ್ನು ಅದೇ ದಿನ ಅವನ ಕೈಗೆ ಕೊಡು.